ಹಿಂದಿನ ಗಾಲಿಯ ಟೈರು

ಆಗ ನನಗೆ ಅರವತ್ತೊಂಬತ್ತು. ಎರಡು ವರ್ಷದ ಹಿಂದಿನ ಮಾತು. ಹುಮನಾಬಾದಿನ ಒಂದು ಟೈರ್ ಅಂಗಡಿಯಲ್ಲಿ, ಮಂದಿಯ ಎದುರಿಗೆ, ನನ್ನ ಅಳಿಯನ ಮುಖ ನೋಡಿ ಮಾತಾಡಿಬಿಟ್ಟೆ.

ಇದರಲ್ಲೇನು ದೊಡ್ಡ ವಿಷಯ ಎನ್ನುವವರಿಗೆ ಹೇಳುತ್ತೇನೆ, ಕೇಳಿ. ನಮ್ಮ ಮನೆತನದಲ್ಲಿ ಅತ್ತೆ ಅಳಿಯನ ಜೊತೆ ನೇರ ಮಾತಾಡುವುದಿಲ್ಲ. ಅವರು ಬಂದರೆ ಸೆರಗು ತಲೆಯ ಮೇಲೆ. ಅವರ ಹೆಸರು ಬಾಯಲ್ಲಿ ಬರಬಾರದು. ಏನಾದರೂ ಹೇಳುವುದಿದ್ದರೆ ನಡುವೆ ಒಬ್ಬರು ಬೇಕು. ಮಗಳಿದ್ದರೆ ಮಗಳು. ಯಾರೂ ಇಲ್ಲದಿದ್ದರೆ ಗೋಡೆ. "ಊಟ ಆರಾಕತ್ತದ ಅಂತ ಹೇಳ್ರಿ" ಎಂದು ನಾನು ಗೋಡೆಗೆ ಹೇಳಬೇಕು. "ಬರ್ತೀನಿ ಅಂತ ಹೇಳ್ರಿ" ಎಂದು ಅವರು ಬಾಗಿಲಿಗೆ ಹೇಳಬೇಕು. ಮಗಳ ಮದುವೆಯಾಗಿ ಇಪ್ಪತ್ತು ವರ್ಷದ ಮೇಲಾಯಿತು. ಹೀಗೇ ನಡೆದಿತ್ತು.

(ಬಸವಕಲ್ಯಾಣದಲ್ಲಿ ನಮ್ಮ ಓಣಿಯವರೆಲ್ಲ ನನ್ನ ಬಾಯಿಗೆ ಹೆದರುತ್ತಾರೆ. ಅಳಿಯ ಬಂದ ದಿನ ಮಾತ್ರ ಓಣಿಗೆ ಆರಾಮು. ಈ ಕಾನೂನು ಮಾಡಿದವರಿಗೆ ಅತ್ತೆಯರ ಬಾಯಿ ಎಂಥದ್ದು ಎಂದು ಚೆನ್ನಾಗಿ ಗೊತ್ತಿತ್ತು.)

ಅಳಿಯನ ಹೆಸರು ಹೇಳಬಾರದು ಎಂದಿದ್ದಾರೆ. ಬರೆಯಬಾರದು ಎಂದು ಯಾರೂ ಹೇಳಿಲ್ಲ. ಹೇಳಿದವರು ನನಗೆ ಬರೆಯಲು ಬಂದೀತು ಎಂದುಕೊಂಡಿರಲೇ ಇಲ್ಲ. ಆದ್ದರಿಂದ ಬರೆಯುತ್ತೇನೆ: ರೇವಣಪ್ಪ. (ಒತ್ತಕ್ಷರ ತಪ್ಪಿದ್ದರೆ ಇದನ್ನು ಅಚ್ಚು ಹಾಕುವ ಪತ್ರಿಕೆಯವರು ತಿದ್ದಿಕೊಳ್ಳಲಿ. ಅವರಿಗೂ ಏನಾದರೂ ಕೆಲಸ ಬೇಕಲ್ಲ.)

ರೇವಣಪ್ಪನವರದು ಹುಮನಾಬಾದಿನಲ್ಲಿ ಲಾರಿ ವ್ಯವಹಾರ. ಹೈವೇ ಊರು, ಎಲ್ಲಿ ನೋಡಿದರೂ ಲಾರಿ. ಲಾರಿಯವರಿಗೆ ಟೈರಿನದೇ ಒಂದು ಶಾಸ್ತ್ರವಿದೆ. ಹೊಸ ಟೈರ್ ಬಂದರೆ ಮುಂದಿನ ಗಾಲಿಗೆ. ಅದು ಸವೆದರೆ ಹಿಂದಿನ ಗಾಲಿಗೆ. ಅಲ್ಲಿ ಪೂರ್ತಿ ಬೋಳಾದರೆ ಅದರ ಮೇಲೆ ಹೊಸ ರಬ್ಬರ್ ಕೂಡಿಸಿ ಮತ್ತೆ ಹಿಂದಕ್ಕೇ. ಇದಕ್ಕೆ ರಿಟ್ರೆಡ್ ಎನ್ನುತ್ತಾರೆ. ಹೀಗೆ ಒಂದು ಟೈರಿಗೆ ಎರಡೆರಡು ಜನ್ಮ ಕೊಡುವುದರಲ್ಲಿ ನಮ್ಮ ಅಳಿಯಂದಿರನ್ನು ಮೀರಿಸಿದವರಿಲ್ಲ ಎಂದು ಹೆಸರು. ಮನೆಗೆ ಬಂದ ನೆಂಟರಿಗೆ ಕೆಲವರು ಮಕ್ಕಳ ಮಾರ್ಕ್ಸ್ ಹೇಳುತ್ತಾರೆ. ಇವರು ಕೈ ಹಿಡಿದು ಕರೆದುಕೊಂಡು ಹೋಗಿ ಲಾರಿಯ ಹಿಂದಿನ ಟೈರ್ ತೋರಿಸುತ್ತಾರೆ.

ಇಂಥ ಮನುಷ್ಯನಿಗೆ ನಲವತ್ತೈದು ದಾಟಿದ ಮೇಲೆ ಮೋಟರ್ ಸೈಕಲ್ ಹುಚ್ಚು ಹಿಡಿಯಿತು. ಹೈದರಾಬಾದಿನಿಂದ ಯಾರೋ ಓಡಿಸಿ ಬಿಟ್ಟದ್ದನ್ನು ತಂದರು. ಸ್ಪೋರ್ಟ್ ಟೂರಿಂಗ್ ಗಾಡಿಯಂತೆ. ಮುಂದೆ ಗಾಜು, ಎರಡೂ ಬದಿಗೆ ಪೆಟ್ಟಿಗೆ, ನಡುವೆ ಎಮ್ಮೆಯ ಹೊಟ್ಟೆಯಷ್ಟು ಎಂಜಿನ್. ಅದರ ಮೇಲೆ ಮುಂದಕ್ಕೆ ಬಗ್ಗಿ ಕೂರಬೇಕು. ಹೊಟ್ಟೆ ಇರುವ ಗಂಡಸರು ಹಾಗೆ ಕೂತರೆ ಹೇಗೆ ಕಾಣುತ್ತಾರೆ ಎಂದು ನಾನು ಬರೆಯುವುದಿಲ್ಲ. ಎಷ್ಟಾದರೂ ಅಳಿಯ.

ಆ ಗಾಡಿ ಒಂದೇ ರಸ್ತೆ ಬಲ್ಲದು. ಈ ಕಡೆ ಹೈದರಾಬಾದ್, ಆ ಕಡೆ ಸೊಲ್ಲಾಪುರ. ನಮ್ಮ ಹೈವೇ ನಿಮಗೆ ಗೊತ್ತೇ ಇದೆ, ಎಳೆದ ಗೆರೆಯ ಹಾಗೆ ನೆಟ್ಟಗೆ. ಗಾಡಿ ಎಡಕ್ಕೆ ವಾಲುವುದಿಲ್ಲ, ಬಲಕ್ಕೆ ವಾಲುವುದಿಲ್ಲ. ಅದಕ್ಕೇ ಹಿಂದಿನ ಟೈರ್ ನಡುಭಾಗದಲ್ಲಿ ಮಾತ್ರ ಸವೆದು ರೊಟ್ಟಿ ಬಡಿಯುವ ಕೊಣಮಿಗೆಯಂತೆ ಚಪ್ಪಟೆಯಾಗಿತ್ತು. ಬದಿಯಲ್ಲಿ ಗೆರೆಗಳು ಹೊಸದರಂತೆಯೇ ಇದ್ದವು.

ಅಷ್ಟರಲ್ಲಿ ಗೋಕರ್ಣದ ಮಾತು ಬಂತು. ಗಂಡ ಹೆಂಡತಿ ಇಬ್ಬರೇ, ಅದೇ ಗಾಡಿಯ ಮೇಲೆ. ನನ್ನ ಮಗಳು ಸುವರ್ಣಾ ಮದುವೆಯಾದ ಮೇಲೆ ಗಂಡನ ಜೊತೆ ದೂರ ಹೋದದ್ದೆಂದರೆ ಕಲಬುರಗಿಯ ಆಸ್ಪತ್ರೆಗೆ, ಅದೂ ಮಾವನ ಮೂತ್ರಪಿಂಡದ ಕಲ್ಲು ತೆಗೆಸಲು. ಈಗ ಗೋಕರ್ಣ. ಪೂಜೆಗೆ ಎಂದು ನನಗೆ ಹೇಳಿದರು. ದೇವರ ಹೆಸರು ಹಾಕಿದರೆ ಅತ್ತೆ ಅಡ್ಡ ಬರುವುದಿಲ್ಲ ಎಂಬ ಲೆಕ್ಕ. ಸಮುದ್ರ ನೋಡಲು ಹೋಗುತ್ತೇವೆ ಎಂದಿದ್ದರೆ ಏನು, ನಾನು ಸಮುದ್ರವನ್ನು ಮುಚ್ಚಿಸುತ್ತಿದ್ದೆನೇ?

ನಾನು ಮಗಳ ಮನೆಯಲ್ಲಿ ನಾಲ್ಕು ದಿನ ಇದ್ದು ನಮ್ಮ ಬಸವಕಲ್ಯಾಣಕ್ಕೆ ಹೊರಟಿದ್ದೆ. ಬಸ್ ಸ್ಟ್ಯಾಂಡಿಗೆ ಬಿಡಲು ಗಂಡ ಹೆಂಡತಿ ಇಬ್ಬರೂ ಕಾರಿನಲ್ಲಿ ಕರೆದೊಯ್ದರು. ದಾರಿಯಲ್ಲಿ ಖಾಜಾಮಿಯಾನ ಟೈರ್ ಅಂಗಡಿ. ಗೋಕರ್ಣಕ್ಕೆ ಮೊದಲು ಟೈರ್ ನೋಡಿಸಬೇಕೆಂದು ಮೋಟರ್ ಸೈಕಲನ್ನು ಡ್ರೈವರ್ ಮೊದಲೇ ತಂದು ನಿಲ್ಲಿಸಿದ್ದ. "ಐದು ಮಿನಿಟ್ ಅಂತ ಹೇಳು" ಎಂದು ಅಳಿಯಂದಿರು ಸ್ಟೇರಿಂಗಿಗೆ ಹೇಳಿದರು. ಸುವರ್ಣಾ ನನಗೆ ಹೇಳಿದಳು. ನಾನೂ ಇಳಿದೆ. ಕಾರಿನಲ್ಲಿ ಬೇಯುವುದಕ್ಕಿಂತ ಟೈರಿನ ವಾಸನೆ ವಾಸಿ.

ಖಾಜಾಮಿಯಾ ಕುರ್ಚಿ ಹಾಕಿಸಿದ, ಚಹಾ ತರಿಸಿದ. ಅವನಿಗೂ ನನಗೂ ಹಳೆಯ ಗುರುತು. ಅವನ ಅಕ್ಕನ ಮನೆ ಕಲ್ಯಾಣದಲ್ಲಿ ನಮ್ಮ ಓಣಿಯ ಹಿಂದೆಯೇ.

"ಬಾಳಿಕಿ ಬರೋದು ಯಾವುದು ಅದ, ಅದು ತೋರ್ಸು" ಎಂದರು ಅಳಿಯಂದಿರು.

ಖಾಜಾಮಿಯಾ ಮೊಬೈಲ್ ಉಜ್ಜುತ್ತಾ ಹೇಳಿದ, "ನೋಡ್ರಿ ಸೇಠ, ಮೂರು ನಮೂನಿ ಅವ. ಒಂದು ರೇಸಿನವರದು. ರಸ್ತಿಗಿ ಗೋಂದಿನಂಗ ಅಂಟ್ಕೋತದ, ಆದ್ರ ಲಗೂನ ಸವೀತದ. ಇನ್ನೊಂದು ಕಟ್ಟಿಗಿಯಂಗ. ಸವಿಯಂಗಿಲ್ಲ, ಮಳ್ಯಾಗ ಜಾರ್ತದ. ಮೂರನೇದು ನಡುವ ಗಟ್ಟಿ, ಬಾಜೂಕ ಮೆತ್ತಗ. ನೆಟ್ಟಗ ಓಡಿದ್ರ ನಡುವಿಂದು ಬಾಳ್ತದ, ತಿರುವಿನ್ಯಾಗ ಬಾಜೂದು ಹಿಡ್ಕೋತದ. ಹೈದರಾಬಾದಿಂದ ತರಸ್ಬೇಕು."

ನಡುವೆ ಗಟ್ಟಿ, ಬದಿಗೆ ಮೆತ್ತಗೆ. ನಾನು ಸೊಸೆಯಾಗಿ ಬಂದಾಗ ಇಂಥ ರೊಟ್ಟಿ ಬಡಿದು ಬೈಸಿಕೊಂಡಿದ್ದೇನೆ. ಟೈರ್ ಹಾಗಿದ್ದರೆ ಹೈದರಾಬಾದಿನಿಂದ ತರಿಸುತ್ತಾರಂತೆ.

ಅಳಿಯಂದಿರು ಯೋಚನೆ ಮಾಡಿದರು. ಆಮೇಲೆ ಶಾಸ್ತ್ರ ಹೊರಗೆ ಬಂತು.

"ಒಂದ್ ಕೆಲಸ ಮಾಡು. ಆ ಮೂರನೇದು ಮುಂದಿಂದಕ್ಕ ಒಂದು ತರಸು. ಹಿಂದಿಂದು ಇದಾ ಇರ್ಲಿ, ಬಾಜೂಕ ಇನ್ನಾ ಜೀವ ಅದ. ನಡುವ ರಿಟ್ರೆಡ್ ಹೊಡಸು."

ಖಾಜಾಮಿಯಾ ತಲೆ ಕೆರೆದುಕೊಂಡ. "ಸೇಠ, ಮೋಟರ್ ಸೈಕಲ್ಲಿಗಿ ಯಾರೂ ಹೊಡಸಂಗಿಲ್ರಿ."

"ಯಾರೂ ಹೊಡಸಂಗಿಲ್ಲ ಅಂತ ನಾವು ಬಿಡೋದೇನು? ನನ್ನ ಲಾರಿ ರಿಟ್ರೆಡ್ ಮ್ಯಾಲ ಮುಂಬೈ ಮುಟ್ಟಿ ಬರ್ತಾವ. ಇದು ಎಷ್ಟರ ಗಾಡಿ?"

"ಆತು, ನೀವು ಅಂದ್ರ ಹೊಡಸ್ತೀನಿ" ಎಂದ ಖಾಜಾಮಿಯಾ. ಅಳಿಯಂದಿರ ಎಲ್ಲ ಲಾರಿಗಳ ಟೈರೂ ಅವನ ಅಂಗಡಿಗೇ ಬರುತ್ತವೆ. ಇಂಥ ಗಿರಾಕಿಗೆ ಇಲ್ಲ ಎನ್ನಲು ಅವನಿಗೇನು ಹುಚ್ಚೇ?

ನಾನು ಚಹಾ ಕೆಳಗಿಟ್ಟೆ. ಗೋಡೆಗೆ ಹೇಳೋಣವೆಂದರೆ ಗೋಡೆಯ ತುಂಬ ಟೈರ್. ಖಾಜಾಮಿಯಾನನ್ನೇ ಹಿಡಿದೆ.

"ಭಾಯಿ, ಅವರಿಗಿ ಕೇಳು. ಲಾರಿ ಹಿಂದ ಏನಿರ್ತದ?"

"ಮಾಲು ಇರ್ತದಮ್ಮಾ" ಎಂದ ಅವನೇ.

"ಈ ಗಾಡಿ ಹಿಂದ ಯಾರು ಕೂಡ್ತಾರ?"

ಖಾಜಾಮಿಯಾ ಒಮ್ಮೆ ಸುವರ್ಣಾಳನ್ನು ನೋಡಿದ, ಒಮ್ಮೆ ಸೇಠರನ್ನು ನೋಡಿದ, ಆಮೇಲೆ ತನ್ನ ಮೊಬೈಲನ್ನೇ ನೋಡತೊಡಗಿದ.

ಸುವರ್ಣಾ ನನ್ನ ತೋಳು ಚಿವುಟಿದಳು. "ಅವ್ವಾ, ಸುಮ್ಕ ಕೂಡು. ಬರೋಬ್ಬರಿ ಗೋಕರ್ಣಕ್ಕ ಹೋಗೋ ಟೈಮಿನ್ಯಾಗ ತಕರಾರು ತಗೀಬ್ಯಾಡ."

ನೀವು ನಮ್ಮ ರಸ್ತೆಯ ಬದಿಗೆ ಒಂದು ತಾಸು ಕೂತು ನೋಡಿ. ಮುಂದೆ ಕೂತವನ ತಲೆಯ ಮೇಲೆ ಹೆಲ್ಮೆಟ್. ಹಿಂದೆ ಕೂತವಳ ತಲೆಯ ಮೇಲೆ ಸೆರಗು. ಅವನ ಎರಡೂ ಕಾಲು ಎರಡು ಕಡೆ, ಕೈಯಲ್ಲಿ ಹಿಡಿಯಲು ಹ್ಯಾಂಡಲ್. ಇವಳ ಎರಡೂ ಕಾಲು ಒಂದೇ ಕಡೆ, ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ಚೀಲ. ಹಂಪ್ ಬಂದಾಗ ಅವಳು ಯಾವುದನ್ನು ಬಿಟ್ಟು ಯಾವುದನ್ನು ಹಿಡಿಯಬೇಕು? ಪೊಲೀಸರೂ ಮುಂದಿನ ತಲೆಯನ್ನೇ ನೋಡಿ ಬಿಡುತ್ತಾರೆ. ಹಿಂದೆ ಇರುವುದು ತಲೆಯಲ್ಲ, ಗಂಟು.

ಇದನ್ನು ಯಾರೂ ಕೆಟ್ಟ ಮನಸ್ಸಿನಿಂದ ಮಾಡುವುದಿಲ್ಲ. ಅದೇ ನನ್ನ ತಕರಾರು. ಕೆಟ್ಟ ಮನಸ್ಸಿನಿಂದ ಮಾಡಿದ್ದರೆ ಬೈದು ಬಿಡಿಸಬಹುದಿತ್ತು. ನನ್ನ ಅಳಿಯ ಒಳ್ಳೆಯ ಮನುಷ್ಯ. ಕುಡಿಯುವುದಿಲ್ಲ, ಹೊಡೆಯುವುದಿಲ್ಲ, ಹೆಂಡತಿಗೆ ಹಲ್ಲು ನೋವು ಬಂದರೆ ಲಾರಿ ಕೆಲಸ ಬಿಟ್ಟು ಬರುತ್ತಾರೆ. ಅಷ್ಟೆಲ್ಲ ಇದ್ದೂ ಟೈರ್ ಹಂಚುವಾಗ ಹೊಸದು ತನ್ನ ಕಡೆ, ಅಂಟಿಸಿದ್ದು ಅವಳ ಕಡೆ. ಹೀಗೆ ಹಂಚಿದ್ದೇನೆ ಎಂದು ಅವರಿಗೇ ಗೊತ್ತಿಲ್ಲ.

ಚಿವುಟಿದ ತೋಳು ಉರಿಯುತ್ತಿತ್ತು. ಆಗಲೇ ಮುಖ ಎತ್ತಿ ನೇರ ಮಾತಾಡಿದ್ದು.

"ಅಳಿಯಾರ, ಲಾರಿ ಹಿಂದ ಎಷ್ಟು ಗಾಲಿ ಇರ್ತಾವ?"

ಅಳಿಯಂದಿರು ನಡುವಿನವರು ಯಾರೆಂದು ಆಚೀಚೆ ನೋಡಿದರು. ಯಾರೂ ಮುಂದೆ ಬರಲಿಲ್ಲ.

"ಎಂಟಿರ್ತಾವ್ರಿ" ಎಂದರು, ಶಾಲೆಯ ಹುಡುಗನ ಹಾಗೆ.

"ಒಂದು ಸಿಡದ್ರ?"

"ಉಳದವು ಎಳೀತಾವ."

"ಇದಕ್ಕ ಎಷ್ಟವ?"

ಅವರು ಗಾಡಿಯ ಕಡೆ ನೋಡಿದರು. ಎಣಿಸುವುದಕ್ಕೇನೂ ಇರಲಿಲ್ಲ. ಮುಖ ಕೆಂಪಾಯಿತು.

"ಅತ್ತಿಯಾರ, ನನಗ ಟೈರ್ ಹೇಳ್ಕೊಡಾಕ ಬರಬ್ಯಾಡ್ರಿ."

"ಟೈರ್ ನಿಮ್ದು, ನಾ ಯಾಕ ಹೇಳ್ಲಿ. ಹಿಂದ ಕೂಡೋ ಮಗಳು ನಂದು."

"ಹಂಗಿದ್ರ ಹೋಗೋದಾ ಬ್ಯಾಡ. ಗೋಕರ್ಣ ಕ್ಯಾನ್ಸಲ್." ಡ್ರೈವರನಿಗೆ ಕೂಗಿ ಹೇಳಿದರು, "ಏ, ಗಾಡಿ ಮನಿಗಿ ಒಯ್ಯಿ." ಖಾಜಾಮಿಯಾ ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದ. ಬಹಳ ಹೊತ್ತು ಹೊರಗೆ ಬರಲಿಲ್ಲ.

ನನ್ನ ಬಸ್ಸೂ ತಪ್ಪಿತು. ತಿರುಗಿ ಮಗಳ ಮನೆಗೇ. ಕಾರಿನಲ್ಲಿ ಯಾರೂ ಮಾತಾಡಲಿಲ್ಲ, ಸ್ಟೇರಿಂಗಿನ ಜೊತೆ ಕೂಡ.

ಮನೆ ಮುಟ್ಟಿದ್ದೇ ಸುವರ್ಣಾ ಅಡುಗೆಮನೆಯಲ್ಲಿ ನನ್ನನ್ನು ನಿಲ್ಲಿಸಿಕೊಂಡಳು.

"ಇಪ್ಪತ್ತು ವರ್ಷ ಬಾಯಿ ಮುಚ್ಕೊಂಡಿದ್ದಿ. ಇನ್ನ ನಾಕ ದಿನ ಮುಚ್ಕೊಂಡ್ರ ನಿಂದೇನ್ ಗಂಟು ಹೋಗ್ತಿತ್ತು?"

"ನೀ ಬಿದ್ದಿದ್ರ?"

"ಬೀಳ್ತಿದ್ನೋ ಇಲ್ಲೋ, ಯಾರಿಗಿ ಗೊತ್ತು. ಈಗ ಅಂತೂ ಖಾತ್ರಿ ಆತಲ್ಲ, ಹೋಗಂಗೇ ಇಲ್ಲ. ಇಲ್ಲೇ ಕುಂತು ನಿನ್ನ ಸಂಗ್ಟ ತೊಗರಿಬ್ಯಾಳಿ ಆರಿಸ್ಲೇನು?"

ಅವಳ ಮಾತು ಸುಳ್ಳಲ್ಲ. ಮಗಳನ್ನು ಉಳಿಸಲು ಹೋಗಿ ಮಗಳ ಗೋಕರ್ಣವನ್ನೇ ನುಂಗಿದ್ದೆ. ಬಾಯಿ ಬಿಡುವ ಹೆಂಗಸಿಗೆ ನಮ್ಮಲ್ಲಿ ಶಿಕ್ಷೆ ಹೀಗೆಯೇ ಇರುತ್ತದೆ. ಅವಳಿಗೇನೂ ಆಗುವುದಿಲ್ಲ, ಅವಳು ಯಾರ ಪರವಾಗಿ ಮಾತಾಡಿದಳೋ ಅವರ ಪಾಲಿನದು ಹೋಗುತ್ತದೆ. ಮುಂದಿನ ಸಲ ಅವರೇ ಬಂದು ಚಿವುಟುತ್ತಾರೆ.

ಅಳಿಯಂದಿರು ಆ ಸಂಜೆ ಊಟ ಮಾಡಿದರು, ಆದರೆ ಎರಡನೇ ರೊಟ್ಟಿ ಕೇಳಲಿಲ್ಲ. ಅಳಿಯ ಎರಡನೇ ರೊಟ್ಟಿ ಕೇಳದಿದ್ದರೆ ಅದು ಸಿಟ್ಟು ಎಂದು ಅರ್ಥ. ನಾನು ಮೂರು ತಿಂದೆ.

ಈಗ ನೀವು ಕೇಳುತ್ತೀರಿ, ಕೊನೆಗೆ ಏನಾಯಿತು? ಹೇಳಿಬಿಡುತ್ತೇನೆ, ಕಾಯಿಸುವುದು ನನಗೆ ಬರುವುದಿಲ್ಲ. ಹೈದರಾಬಾದಿನಿಂದ ಎರಡು ಟೈರ್ ಬಂದವು. ನಡುವೆ ಗಟ್ಟಿ, ಬದಿಗೆ ಮೆತ್ತಗಿನವು, ಮುಂದೆಯೂ ಹೊಸದು, ಹಿಂದೆಯೂ ಹೊಸದು. ಹೆಲ್ಮೆಟೂ ಎರಡು. ಗೋಕರ್ಣಕ್ಕೆ ಹೋದರು, ಬಂದರು. ಸುವರ್ಣಾ ದೇವರ ಬಗ್ಗೆ ಒಂದು ಮಾತು ಹೇಳಿದಳು, ಸಮುದ್ರದ ಬಗ್ಗೆ ಇನ್ನೂ ಹೇಳುತ್ತಲೇ ಇದ್ದಾಳೆ. ಆ ಟೈರ್ ಇವತ್ತಿಗೂ ಓಡುತ್ತಿವೆ. ಈಗ ನೆಂಟರು ಬಂದರೆ ಅಳಿಯಂದಿರು ಅವನ್ನೂ ತೋರಿಸುತ್ತಾರೆ, ತಾವೇ ಆರಿಸಿದ್ದು ಎಂದು. ಇರಲಿ.

ಆದರೆ ಅಷ್ಟು ಹಠದ ಮನುಷ್ಯ ಒಂದೇ ರಾತ್ರಿಯಲ್ಲಿ ಹೇಗೆ ಬದಲಾದರು ಎಂದು ಖಾಜಾಮಿಯಾ ಇವತ್ತಿಗೂ ತಲೆ ಕೆರೆದುಕೊಳ್ಳುತ್ತಾನೆ. ಅವರ ಮನಸ್ಸಿನ ವಿಷಯ ನನಗೆ ಗೊತ್ತಿಲ್ಲ. ನಾನು ಮಾಡಿದ್ದು ಮಾತ್ರ ಹೇಳಬಲ್ಲೆ.

ಮರುದಿನ ಬೆಳಿಗ್ಗೆ ಎದ್ದು ಮುಖ ತೊಳೆದೆ. ಸೀರೆಯನ್ನು ಕಚ್ಚೆ ಹಾಕಿ ಗಟ್ಟಿಯಾಗಿ ಸಿಕ್ಕಿಸಿದೆ. ಅಂಗಳದಲ್ಲಿ ಗಾಡಿ ಡಬಲ್ ಸ್ಟ್ಯಾಂಡಿನ ಮೇಲೆ ನಿಂತಿತ್ತು. ಪ್ಲಾಸ್ಟಿಕ್ ಸ್ಟೂಲ್ ಎಳೆದು, ಅದರ ಮೇಲೆ ಹತ್ತಿ, ಒಂದು ಕಾಲು ಆ ಕಡೆ ಹಾಕಿ, ಹಿಂದಿನ ಸೀಟಿನಲ್ಲಿ ಕೂತೆ. ಚೀಲ ತೊಡೆಯ ಮೇಲೆ. ಸೆರಗು ಮಾತ್ರ ತಲೆಯ ಮೇಲೆಯೇ, ಮರ್ಯಾದೆ ಬಿಡಬಾರದಲ್ಲ.

ಅಳಿಯಂದಿರು ಬಾಯಲ್ಲಿ ಬ್ರಶ್ ಇಟ್ಟುಕೊಂಡು ಹೊರಗೆ ಬಂದವರು ಅಲ್ಲೇ ನಿಂತರು.

"ಬಸ್ ಬ್ಯಾಡ್ರಿ ಅಳಿಯಾರ" ಎಂದೆ, ನೇರ. "ಈ ಟೈರ್ ನಿಮ್ಮ ಹೇಣ್ತಿಗಿ ನಡೀತದಂದ್ರ ನನಗೂ ನಡೀತದ. ಇದರ ಮ್ಯಾಲೇ ಕಲ್ಯಾಣಕ್ಕ ಬಿಡ್ರಿ. ಬಜಾರಿನ್ಯಾಗ ಹಾದು ಹೋಗೂಣು. ದಾರಿ ಮ್ಯಾಲಿನ ರಾಜೇಶ್ವರದಾಗ ನಿಮ್ಮ ಡ್ರೈವರ್ ಮಂದಿ ಕೂಡೋ ಹೋಟೆಲಿಗಿ ನಿಂದ್ರಸ್ರಿ, ಚಾ ಕುಡ್ಯೂಣು."

ಬ್ರಶ್ ಬಾಯಲ್ಲೇ ಉಳಿಯಿತು. ಅತ್ತೆಯನ್ನು ಬೆನ್ನಿಗೆ ಕಟ್ಟಿಕೊಂಡು ಹುಮನಾಬಾದಿನ ಬಜಾರ್ ದಾಟುವ ಅಳಿಯ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಒಳಗಿನಿಂದ ಸುವರ್ಣಾ ಬಂದು ಬಾಗಿಲಲ್ಲಿ ಬಾಯಿಗೆ ಸೆರಗು ಹಿಡಿದು ನಿಂತಳು. ನಾನು ಇನ್ನೊಂದು ಮಾತು ಕೇಳಿದೆ, ಅಷ್ಟೇ.

"ಹಿಡ್ಕೊಳ್ಳೋದು ಎಲ್ರಿ ಅಳಿಯಾರ, ನಿಮ್ಮ ಹೆಗಲೋ, ನಡುವೋ?"