ಕೆಂಪು ಬಟ್ಟೆ ಕಟ್ಟಿದ ಸೈಕಲ್ಲು

ಚಿಂಚೋಳಿಯ ನಮ್ಮ ಪಕ್ಕದ ಮನೆಯ ನರ್ಸಬಾಯಿ ದಿನಾ ಸೈಕಲ್ ತುಳಿದು ಚಿಮ್ಮನಚೋಡದ ದಾರಿಯ ಹಳ್ಳಿಯೊಂದಕ್ಕೆ ಕೆಲಸಕ್ಕೆ ಹೋಗುತ್ತಿದ್ದರು. ಕ್ಯಾರಿಯರಿಗೆ ಅಡ್ಡಲಾಗಿ ಒಂದು ತೊಗರಿ ಕಟ್ಟಿಗೆ ಬಿಗಿದು, ರಸ್ತೆಯ ಕಡೆಯ ತುದಿಗೆ ಕೆಂಪು ಬಟ್ಟೆ ಕಟ್ಟಿದ್ದರು. ಗಾಡಿಗಳು ಅಷ್ಟಾದರೂ ದೂರ ಸರಿಯಲಿ ಎಂದು.

ಆ ಕಟ್ಟಿಗೆ ಕಂಡರೆ ಗಾಡಿಯವರಿಗೆ ಎಲ್ಲಿಲ್ಲದ ಸಿಟ್ಟು. "ಏ ಯಮ್ಮಾ, ರೋಡ್ ನಿಮ್ಮಪ್ಪಂದೇನ?" ಎಂದು ಜೀಪಿನಿಂದ ತಲೆ ಹೊರಹಾಕಿ ಕೂಗುವುದನ್ನು ನಾನೇ ಕೇಳಿದ್ದೇನೆ. ಬೈಕಿನವರು ಆಡುತ್ತಿದ್ದ ಮಾತನ್ನು ಇಲ್ಲಿ ಬರೆಯಲಾರೆ. ನನಗೆ ಮೈ ಉರಿಯುತ್ತಿತ್ತು. ಅವರು ಮಾತ್ರ ಸೆರಗು ಸಿಗಿಸಿಕೊಳ್ಳುತ್ತ ಪ್ರತಿಸಲ ಅದೇ ಮಾತು ಹೇಳುತ್ತಿದ್ದರು: "ಬೈಲಿ ಬಿಡ್ರಿ ಅಕ್ಕಾ. ಬೈಯವ್ರು ನನ್ನ ನೋಡಿರ್ತಾರ. ಸುಮ್ಮನ ಬರವ್ರಿಗೇ ನಾ ಅಂಜೋದು."

ಆ ಮಾತು ಮೊದಲ ಸಲ ಕೇಳಿದಾಗಿನಿಂದ, ಸಂಜೆ ಅವರ ಬೆಲ್ ಕೇಳುವವರೆಗೆ ನನ್ನ ಕಿವಿ ರಸ್ತೆಯಲ್ಲೇ ಇರುತ್ತಿತ್ತು. ಒಂದು ಸಂಜೆ ಬೆಲ್ ಕೇಳಲಿಲ್ಲ. ಹೊರಗೆ ಬಂದು ನೋಡಿದರೆ, ಸೈಕಲ್ ತಳ್ಳಿಕೊಂಡು ಬರುತ್ತಿದ್ದರು. ಕಟ್ಟಿಗೆ ಬಲಗಡೆ ಮುರಿದಿತ್ತು, ಕೆಂಪು ಬಟ್ಟೆ ಇರಲಿಲ್ಲ.

"ಯಾವನ್ರೀ ಅವ? ಏನಂತ ಬೈದ?" ಎಂದೆ.

ಅವರು ನಾನು ಕೊಟ್ಟ ಚೊಂಬಿನ ನೀರನ್ನೆಲ್ಲ ಕುಡಿದರು.

"ಇವತ್ತ ಯಾರೂ ಬೈಲಿಲ್ರಿ ಅಕ್ಕಾ."