ಹೋಟೆಲಿನಮ್ಮನ ಬೇಸಗೆ ಹೂವು

ಹೋಟೆಲಿನಮ್ಮನ ಸೀರೆಯ ಅಂಚು ಯಾವಾಗಲೂ ಒಂದು ಗೇಣು ಒದ್ದೆಯಾಗಿರುತ್ತಿತ್ತು. ಬೇರೆ ವರ್ಷವಾಗಿದ್ದರೆ ಅದನ್ನು ಯಾರು ಗಮನಿಸುತ್ತಿದ್ದರು? ಆದರೆ ಅದು ಎಪ್ಪತ್ತರ ದಶಕದ ಆರಂಭದ ಆ ದೊಡ್ಡ ಬರಗಾಲ. ಔರಂಗಾಬಾದಿನ ನಮ್ಮ ಹಳೆಯ ವಾಡೆಯಲ್ಲಿ ನಾಲ್ಕು ಬಿಡಾರಗಳಿಗೆ ಸೇರಿ ಒಂದೇ ಅಂಗಳ, ನೀರಿಗೆ ಒಂದೇ ಸಿಮೆಂಟಿನ ಟಾಕಿ. ಮನೆಗೆ ದಿನಕ್ಕೆ ಎರಡೇ ಕೊಡ ನೀರು. ಅಂಥದರಲ್ಲಿ ಒಬ್ಬಳ ಸೀರೆ ಮಾತ್ರ ಒದ್ದೆ ಎಂದರೆ ನಮಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಅವರು ಉಡುಪಿ ಕಡೆಯವರು. ವಾಡೆಯ ಮುಂದೆ ಗಂಡನ ಹೋಟೆಲು, ಹಿಂದೆ ಅವರ ಬಿಡಾರ. ಅದಕ್ಕೆ ಅಂಟಿಕೊಂಡು ಧಾರವಾಡ ಕಡೆಯಿಂದ ಬಂದ ನಾವು: ಅತ್ತೆ, ಮಾವ, ನನ್ನ ಗಂಡ, ನಾನು. ನಾನು ಆಗ ಐದು ತಿಂಗಳ ಬಸುರಿ. ಮೊದಲಿನದು ಉಳಿದಿರಲಿಲ್ಲ. ಹಾಗಾಗಿ ಮನೆಯಲ್ಲಿ ನನ್ನನ್ನು ಗಾಜಿನ ಬಳೆಯ ಹಾಗೆ ನೋಡಿಕೊಳ್ಳುತ್ತಿದ್ದರು.

ಅಂಗಳದ ಗೋಡೆಯುದ್ದಕ್ಕೂ ಹೋಟೆಲಿನಮ್ಮ ಎಣ್ಣೆಯ ತಗಡಿನ ಡಬ್ಬಿಗಳಲ್ಲಿ ದಾಸವಾಳ, ಮಲ್ಲಿಗೆ, ಕಾಶಿಕಣಗಿಲೆ, ಝೀನಿಯಾ ಬೆಳೆಸಿದ್ದರು. ಊರೆಲ್ಲ ಧೂಳಿನ ಬಣ್ಣಕ್ಕೆ ತಿರುಗಿದ್ದಾಗ ಆ ಗೋಡೆಯ ಬುಡ ಮಾತ್ರ ಕೆಂಪು, ಹಳದಿ, ಬಿಳಿ. ನೆರಳು ಸರಿದ ಹಾಗೆ ಡಬ್ಬಿಗಳನ್ನೂ ಸರಿಸುವರು. ಹೋಟೆಲಿನ ಕಾಫಿ ಗಷ್ಟನ್ನು ಒಣಗಿಸಿ, ತೆಂಗಿನ ನಾರಿನೊಂದಿಗೆ ಮಣ್ಣಿನ ಮೇಲೆ ಹಾಸುವರು. ಬಾಡಿದ ಹೂವನ್ನು ಅಂದಂದೇ ಚಿವುಟುವರು. "ಬೀಜಕ್ಕೆ ಬಿಟ್ಟರೆ ಗಿಡ ಬೇಗ ಮುದುಕಿ ಆಗ್ತದೆ" ಎನ್ನುವರು. ಮಧ್ಯಾಹ್ನ ಎಲೆ ಜೋತುಬಿದ್ದರೆ ಗದರುವರು: "ಎಂತ ಮುಖ ಮಾಡ್ತೀ? ಸ್ವಲ್ಪ ತಡಿ, ಬಂದೆ."

ನಮ್ಮ ಅತ್ತೆ ಒಳಗಿನಿಂದಲೇ ಹಲ್ಲು ಕಡಿಯುತ್ತಿದ್ದರು. "ಗಿಡಾ ಏನ ಮಾತಿಲೆ ಬೆಳೀತಾವೇನ? ನೀರು ಬೇಕು. ಎಲ್ಲಿಂದ ಬರ್ತದ ಅಕಿಗೆ ನೀರು?"

ಸಂಜೆಯ ಹೊತ್ತಿಗೆ ಟಾಕಿಯ ನೀರು ನಾಲ್ಕು ಬೆರಳು ಇಳಿದಿರುತ್ತಿತ್ತು. ಬಿಸಿಲು ಕುಡಿಯಿತೋ, ಸಿಮೆಂಟು ಕುಡಿಯಿತೋ. ನಾವು ಮಾತ್ರ ಹೋಟೆಲಿನಮ್ಮನೇ ಎಂದು ತೀರ್ಮಾನಿಸಿದ್ದೆವು.

ಅಷ್ಟರಲ್ಲಿ ಚೈತ್ರ ಬಂತು. ಅತ್ತೆ ನನ್ನ ಬಸುರು ನಿಲ್ಲಲೆಂದು ಹರಕೆ ಹೊತ್ತು ತಿಂಗಳಿಡೀ ಚೈತ್ರಗೌರಿಯನ್ನು ಕೂರಿಸಿದರು. ಸಂತೆಯಲ್ಲಿ ಹೂವಿರಲಿಲ್ಲ. ಹೋಟೆಲಿನಮ್ಮನನ್ನು ಕೇಳಿದಾಗ ಅವರು ಬೊಗಸೆ ತುಂಬ ಮಲ್ಲಿಗೆ ಕೊಟ್ಟರು, ಆದರೆ ಮುಖ ಸಣ್ಣ ಮಾಡಿಕೊಂಡು, "ದೇವರಿಗೆ ಬೇಡ ಅಮ್ಮ, ನೀವು ಮುಡ್ಕೊಳ್ಳಿ" ಎಂದರು. ಅತ್ತೆಗೆ ಅದು ಜಿಪುಣತನವಾಗಿ ಕಂಡಿತು. ಮರುದಿನದಿಂದ ಅವರೇ ನಸುಕಿನಲ್ಲಿ ಎದ್ದು ದಾಸವಾಳ ಕೊಯ್ದು ತರತೊಡಗಿದರು. "ಕೇಳಿ ತರೂದಲ್ಲೇನ್ರಿ?" ಎಂದರೆ, "ದೇವರ ಹೂವಿಗೆ ಅಪ್ಪಣಿ ಯಾಕ ಬೇಕು?" ಎಂದು ನನ್ನನ್ನೇ ಗದರಿದರು. ಕದ್ದ ಹೂವಿನಿಂದ ಪೂಜೆ ಮಾಡಿ, ನೀರು ಕದಿಯುವವಳಿಗೆ ಶಾಪ ಹಾಕುವುದರಲ್ಲಿ ನಮ್ಮ ಅತ್ತೆಗೆ ಏನೂ ವಿಚಿತ್ರ ಕಾಣುತ್ತಿರಲಿಲ್ಲ. ನನಗೂ ಆಗ ಕಾಣಲಿಲ್ಲ.

ನನ್ನ ಕಣ್ಣಿಗೆ ಬೇರೆ ಒಂದು ಸಂಗತಿ ಬಿದ್ದಿತ್ತು. ಅಷ್ಟು ಹೂವು ಬೆಳೆಸುವ ಹೋಟೆಲಿನಮ್ಮ ತಮ್ಮ ದೇವರ ಪಟಕ್ಕೆ ಬರೀ ಕುಂಕುಮ, ಅಕ್ಷತೆ ಹಾಕುತ್ತಿದ್ದರು. ಒಂದು ಎಸಳೂ ಇಡುತ್ತಿರಲಿಲ್ಲ. ಪಾಪಪ್ರಜ್ಞೆ ಇಲ್ಲದಿದ್ದರೆ ಯಾರು ಹಾಗೆ ಮಾಡುತ್ತಾರೆ? ನಾನು ಹೋಗಿ ಅತ್ತೆಗೆ ಹೇಳಿದೆ. ಅತ್ತೆ ವಾಡೆಯ ಮಾಲೀಕರಿಗೆ ಹೇಳಿದರು. ಮಾಲೀಕರು ಟಾಕಿಗೆ ಬೀಗ ಹಾಕಿ ಕೀಲಿಯನ್ನು ಅತ್ತೆಯ ಕೈಗೇ ಕೊಟ್ಟರು.

ಆದರೂ ಹೂವು ಅರಳುವುದು ನಿಲ್ಲಲಿಲ್ಲ.

"ಇನ್ನೊಂದು ಕೀಲಿ ಮಾಡಿಸ್ಯಾಳ. ನೀ ಮಧ್ಯಾಹ್ನ ಮಲಗಬ್ಯಾಡ, ಕಿಡಕಿಯೊಳಗಿಂದ ನೋಡು" ಎಂದರು ಅತ್ತೆ. ಬಸುರಿಗೆ ಬೇರೆ ಕೆಲಸವೂ ಇರಲಿಲ್ಲ. ಕೂತೆ.

ಎಲ್ಲರೂ ಉಂಡು ಮಲಗಿದ್ದ ಹೊತ್ತು. ಹೋಟೆಲಿನಮ್ಮ ಹಿಂಬಾಗಿಲಿನಿಂದ ಬಂದರು. ಕೈಯಲ್ಲಿ ತಟ್ಟೆ ಮುಚ್ಚಿದ ಬಕೆಟ್ಟು. ಟಾಕಿಯ ಕಡೆ ತಿರುಗಿಯೂ ನೋಡದೆ ಲೋಟದಿಂದ ಒಂದೊಂದೇ ಬುಡಕ್ಕೆ ನೀರು ಹಾಕತೊಡಗಿದರು. ತುಳುಕಿದ ನೀರು ಸೀರೆಯ ಅಂಚನ್ನು ನೆನೆಸಿತು. ನಾನು ಹೊರಗೆ ಬಂದು, ಬಕೆಟ್ಟಿನ ಮೇಲೆ ಅರ್ಧ ಸರಿಸಿದ್ದ ತಟ್ಟೆ ಎತ್ತಿದೆ. ನೀರಿನ ಮೇಲೆ ಎಣ್ಣೆಯ ತೆಳು ಹೊಳಪು, ಒಂದು ಕರಿಬೇವಿನ ಎಲೆ.

"ಗಿರಾಕಿಗಳು ಅರ್ಧ ಕುಡಿದು ಬಿಟ್ಟ ನೀರು ಮಾರಾಯ್ತಿ" ಎಂದರು ಮೆಲ್ಲಗೆ. "ಹೋಟೆಲಿಗೆ ದುಡ್ಡು ಕೊಟ್ಟು ತರಿಸಿದ್ದು, ಇಂಥ ಬರದಲ್ಲಿ ಚೆಲ್ಲಲಿಕ್ಕೆ ಮನಸ್ಸು ಬರಲಿಲ್ಲ."

ಊರವರ ಎಂಜಲು. ಅದನ್ನು ಕುಡಿದು ಅರಳಿದ ಹೂವು ನಮ್ಮ ಗೌರಿಯ ಮುಡಿಯಲ್ಲಿ! ಅವರು ಅಷ್ಟು ಕೊಟ್ಟೂ "ದೇವರಿಗೆ ಬೇಡ" ಎಂದದ್ದು, ತಮ್ಮ ಪಟವನ್ನು ಬರಿದಾಗಿಟ್ಟದ್ದು, ಎಲ್ಲ ಆಗ ಅರ್ಥವಾಯಿತು.

"ಹೇಳಿಬಿಡ್ರಿ ಎಲ್ಲಾರಿಗೂ. ಕಳ್ಳಿ ಅಂತ ಯಾಕ ಅನ್ನಿಸ್ಕೋತೀರಿ?" ಎಂದೆ.

ಅವರು ನನ್ನ ಹೊಟ್ಟೆಯ ಕಡೆ ನೋಡಿದರು. "ನಿನ್ನ ಅತ್ತೆ ಇದೇ ಹೂವಿಟ್ಟು ನಿನಗೋಸ್ಕರ ಬೇಡಿಕೊಂಡಿದ್ದಾರೆ. ಈಗ ಗೊತ್ತಾದರೆ ಹೆರಿಗೆ ತನಕ ಆ ಜೀವಕ್ಕೆ ನಿದ್ರೆ ಉಂಟಾ? ನಾಳೆ ನಿನಗೆ ಒಂದು ತಲೆನೋವು ಬಂದರೂ ಇದನ್ನೇ ನೆನಪು ಮಾಡ್ತಾರೆ. ಬೇಡ. ನನ್ನನ್ನು ಏನು ಬೇಕಾದರೂ ಹೇಳಲಿ."

ಸಂಜೆ, ಅತ್ತೆ ಹೇಳಿಕಳಿಸಿದ್ದಕ್ಕೆ, ಮಾಲೀಕರು ಅಂಗಳದಲ್ಲಿ ಎಲ್ಲರನ್ನೂ ಸೇರಿಸಿ ಮರಾಠಿಯಲ್ಲಿ ನನ್ನನ್ನು ಕೇಳಿದರು: ಮಧ್ಯಾಹ್ನ ಏನು ನೋಡಿದೆ? ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಹೋಟೆಲಿನಮ್ಮ ನೆಲ ನೋಡುತ್ತಿದ್ದರು. ನಿದ್ದೆ ಬಂದಿತ್ತು, ಏನೂ ನೋಡಲಿಲ್ಲ ಎಂದೆ. ಟಾಕಿಯ ನೀರಲ್ಲ ಎಂದಷ್ಟಾದರೂ ಹೇಳಬಹುದಿತ್ತು. ಹೇಳಿದರೆ, ಮತ್ತೆ ಯಾವ ನೀರು ಎಂಬ ಪ್ರಶ್ನೆ ಬರುತ್ತಿತ್ತು. ಆ ಹೆದರಿಕೆಯಲ್ಲಿ ಬಾಯಿ ಕಟ್ಟಿತು.

ನೀರಿನ ಲೆಕ್ಕ ಕೊಡದ ಗಿಡಗಳು ಅಂಗಳದಲ್ಲಿ ಇರಕೂಡದು ಎಂದು ಮಾಲೀಕರು ತೀರ್ಪು ಕೊಟ್ಟರು. ಹೋಟೆಲಿನಮ್ಮ ಡಬ್ಬಿಗಳನ್ನು ಹೊತ್ತು ಹೋಟೆಲಿನ ಮುಂದೆ, ರಸ್ತೆಯ ಅಂಚಿಗೆ ಇಟ್ಟರು. ಅಲ್ಲಿ ದಿನವಿಡೀ ಬಿಸಿಲು. ಎಲ್ಲರ ಕಣ್ಣೆದುರು ಆ ಬಕೆಟ್ಟು ತರುವಂತಿರಲಿಲ್ಲ. ಎಂಟು ದಿನದಲ್ಲಿ ಎಲ್ಲ ಒಣಗಿದವು. ಎಂಜಲು ನೀರು ಗಟಾರಕ್ಕೆ ಹೋಯಿತು. "ನೋಡಿದಿ? ಕಳುವು ನಿಂತ ಕೂಡಲೇ ಗಿಡಾ ಸತ್ತವು" ಎಂದರು ಅತ್ತೆ.

ಶ್ರಾವಣದಲ್ಲಿ ನನಗೆ ಮಗಳು ಹುಟ್ಟಿದಳು. ಹೋಟೆಲಿನಮ್ಮ ಹೊಸ್ತಿಲಾಚೆಯೇ ನಿಂತು ಮಗುವನ್ನು ನೋಡಿ, ಕೈಗೆ ಒಂದು ಟೊಪ್ಪಿಗೆ ಕೊಟ್ಟು ಹೋದರು. ಅತ್ತೆ ಒಳಗೆ ಕರೆಯಲಿಲ್ಲ. ನಾನೂ ಕರೆಯಲಿಲ್ಲ.

ಮುಂದೆ ನನ್ನ ಗಂಡನಿಗೆ ನಾಸಿಕದ ಹತ್ತಿರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ನಾವು ಅಲ್ಲಿಗೆ ಹೋದೆವು. ನಾಲ್ಕೈದು ವರ್ಷದ ಮೇಲೆ ನಾಸಿಕದಲ್ಲಿ ಹೋಟೆಲು ನಡೆಸುತ್ತಿದ್ದ ಹೋಟೆಲಿನಮ್ಮನ ಸಂಬಂಧಿಯೊಬ್ಬರು, ಆಕೆ ಕಾಮಾಲೆಯಾಗಿ ತೀರಿಕೊಂಡರು ಎಂದರು. ಮನೆಗೆ ಬಂದು ಅತ್ತೆಗೆ ತಿಳಿಸಿದೆ. "ಪಾಪ. ಕೈಗುಣ ಭಾಳ ಛಲೋ ಇತ್ತು. ಕಳುವು ಒಂದು ಮಾಡಬಾರದಿತ್ತು" ಎಂದರು. ಮಗಳು ಅವರ ತೊಡೆಯ ಮೇಲೆ ಕೂತು ಅವರ ಬಳೆ ತಿರುಗಿಸುತ್ತಿದ್ದಳು. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಅತ್ತೆ ಹೋಗಿಯೂ ಬಹಳ ವರ್ಷವಾಯಿತು. ಇನ್ನು ಯಾರಿಗೂ ನೋವಾಗದು, ನನಗೂ ಏನೂ ನಷ್ಟವಿಲ್ಲ. ಅಂಥ ಹೊತ್ತು ನೋಡಿಕೊಂಡು ಹೇಳುತ್ತಿರುವುದಕ್ಕೆ ನಾಚಿಕೆಯಾಗುತ್ತದೆ. ಹೋಟೆಲಿನಮ್ಮ ಟಾಕಿಯಿಂದ ಒಂದು ಹನಿ ನೀರನ್ನೂ ಕದ್ದಿರಲಿಲ್ಲ. ನಾನು ನೋಡಿದ್ದೆ.