ಗೋಡೆಗೆ ಕಂಬಳಿ ಹೊದಿಸುವವರು
ಗೋಡೆಗೂ ಕಿವಿಯಿದೆ ಅನ್ನುತ್ತಾರೆ. ನಮ್ಮ ಹೊಸ ಸಾಲುಮನೆಗಳ ಗೋಡೆಗೆ ಬಾಯಿಯೂ ಇದೆ. ಆ ಬಾಯಿ ಮುಚ್ಚಿಸಲು ಪಣ ತೊಟ್ಟವರು ಪಕ್ಕದ ಮನೆಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಮೊದಲು ಮೊಟ್ಟೆ ಟ್ರೇಗಳನ್ನು ಅಂಟಿಸಿದರು, ಅದರ ಮೇಲೆ ಥರ್ಮೋಕೋಲ್, ಅದರ ಮೇಲೆ ಹಳೆಯ ಕಂಬಳಿ. ಗೋಡೆ ದಪ್ಪವಾದಂತೆ ಅವರ ಕೋಣೆ ಬಡವಾಗಿ, ಈಗ ಮಂಚದವರೆಗೆ ಏಡಿಯ ಹಾಗೆ ಅಡ್ಡಡ್ಡ ನಡೆಯಬೇಕು. ಒಂದೊಂದು ಪದರ ಮುಗಿದಾಗಲೂ ಆ ಕಡೆಯಿಂದ, "ಏನಪ್ಪಾ, ಕೇಳಿಸ್ತಾ?" ಎನ್ನುತ್ತಾರೆ. "ಕೇಳಿಸ್ತು ಮೇಷ್ಟ್ರೇ," ಎನ್ನುತ್ತೇನೆ, ಕೂತಲ್ಲಿಂದಲೇ. "ಹಾಗಾದ್ರೆ ಇನ್ನೊಂದು ಪದರ!" ನಮ್ಮ ಮನೆಯ ಸದ್ದು ಅಷ್ಟು ಕಾಟವೇ ಎಂದು ನೊಂದು, ಒಮ್ಮೆ ಹೋಗಿ ಕೇಳಿಯೇಬಿಟ್ಟೆ. "ನಿಮ್ಮ ಸದ್ದಿಗಲ್ಲಪ್ಪಾ, ನನ್ನ ಸದ್ದಿಗೆ," ಎಂದರು. ಅವರ ಹೆಂಡತಿಗೆ ಈಚೆಗೆ ಕಿವಿ ಮಂದ. ಕಳೆದ ತಿಂಗಳು ಮೇಷ್ಟ್ರು, "ಇನ್ನೂ ಕೋಪಾನಾ?" ಎಂದು ಆಕೆಯನ್ನು ಕೂಗಿ ಕೇಳಿದ್ದಕ್ಕೆ, ನನ್ನವಳು ಚೇಷ್ಟೆಗೆ ಈಚೆಯಿಂದ, "ಹೂಂ, ಇದೆ!" ಎಂದುಬಿಟ್ಟಿದ್ದಳು, ಸಾಲಿಗೆ ಸಾಲೇ ನಕ್ಕಿತ್ತು. "ಆವತ್ತಿಂದ ನಮ್ಮವಳು, ಮಾತೇ ಬೇಡ, ಊರಿಗೆಲ್ಲ ಕೇಳತ್ತೆ ಅಂತಾಳೆ. ಇಷ್ಟು ವರ್ಷ ಪಿಸುಗುಟ್ಟಿದ್ದನ್ನ ಇನ್ಮೇಲೆ ಕೂಗಿ ಹೇಳ್ಬೇಕು ಕಣಯ್ಯಾ, ಆದ್ರೂ ಅವಳೊಬ್ಬಳಿಗೇ ಕೇಳ್ಬೇಕು," ಎಂದು ಮೇಷ್ಟ್ರು ಇನ್ನೊಂದು ಕಂಬಳಿ ಬಿಡಿಸಿದರು. "ನೋಡ್ತಾ ನಿಂತ್ಯಲ್ಲ, ಆ ತುದಿ ಹಿಡ್ಕೋ!"